ಬಾಗಿಲ ಮರೆಯ ಮಾತು

ಅರಸೀಕೆರೆಯಲ್ಲಿ ಕೂತು ಜನರ ಕಿವಿ ಪರೀಕ್ಷಿಸಬೇಕಾದರೆ ಮೊದಲು ರೈಲು ಬರುವ ಹೊತ್ತು ಬಾಯಿಪಾಠವಾಗಿರಬೇಕು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ವಾರಕ್ಕೊಮ್ಮೆ ಹಾಸನದಿಂದ ಅಲ್ಲಿಯ ಒಂದು ಧರ್ಮಾಸ್ಪತ್ರೆಗೆ ಹೋಗುತ್ತಿದ್ದೆ. ನನಗೆ ಕೊಟ್ಟ ಕೋಣೆಯ ಹಿಂದೆ ರೈಲ್ವೆ ಯಾರ್ಡು, ಪಕ್ಕದಲ್ಲಿ ಕ್ಯಾಂಟೀನು. ಕಿವಿ ಪರೀಕ್ಷೆಗೆ ಸದ್ದಿಲ್ಲದ ಕೋಣೆ ಬೇಕು ಸ್ವಾಮಿ ಎಂದು ಕೇಳಿದ್ದಕ್ಕೆ ಆಡಳಿತದವರು ಕಿಟಕಿಗೆ ಒಂದು ಹಳೇ ಕಂಬಳಿ ಹೊಡೆಸಿಕೊಟ್ಟು, ದೊಡ್ಡ ಉಪಕಾರ ಮಾಡಿದವರ ಹಾಗೆ ನಕ್ಕರು. ಗೂಡ್ಸ್ ಗಾಡಿ ಬಂದರೆ ಮೇಜಿನ ಮೇಲಿನ ಲೋಟದ ನೀರು ನಡುಗುತ್ತಿತ್ತು. ಅದು ದಾಟುವವರೆಗೆ ನಾನೂ ರೋಗಿಯೂ ಮುಖ ಮುಖ ನೋಡಿಕೊಂಡು ಕೂರುತ್ತಿದ್ದೆವು. ಅದು ದಾಟಿದ ಮೇಲೆ ಕ್ಯಾಂಟೀನಿನ ಕುಕ್ಕರ್ ಕೂಗುತ್ತಿತ್ತು.

ಆ ಕೋಣೆಗೆ ಒಂದು ದಿನ ಮಾದಿಹಳ್ಳಿಯಿಂದ ಒಬ್ಬ ಯಜಮಾನರನ್ನು ಅವರ ಮಗ ಕರೆತಂದರು. ಹಳೇಬೀಡು, ಜಾವಗಲ್ ದಾಟಿ ಎರಡು ಬಸ್ಸು ಬದಲಿಸಿ ಬಂದಿದ್ದರು. ಯಜಮಾನರಿಗೆ ಎಪ್ಪತ್ತು ದಾಟಿತ್ತು. ಬಿಳಿ ಪಂಚೆ, ತೋಳು ಮಡಚಿದ ಅಂಗಿ, ನೆಟ್ಟಗೆ ಕೂರುವ ಬೆನ್ನು. ಹರೆಯದಿಂದ ಕೈಲಾಗುವವರೆಗೂ ಅಕ್ಕಿ ಗಿರಣಿಯಲ್ಲಿ ಮೆಷಿನ್ ಓಡಿಸಿದ್ದವರು. ಮಗ ಬೇಲೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಅಪ್ಪ ಎದುರಿಗೇ ಕೂತಿದ್ದರೂ ಅಪ್ಪನ ವಿಷಯವನ್ನು ನನಗೆ ಹೇಳಿದರು. ಮೇಜಿನ ಮೇಲಿಟ್ಟ ಚೀಲದ ವಿಷಯ ಹೇಳಿದ ಹಾಗೆ.

“ತಲೆ ನಿಲ್ತಾ ಇಲ್ಲ ಮೇಡಂ. ಹೇಳಿದ್ದು ಅರ್ಧ ಗಂಟೆ ಇರಲ್ಲ. ಎಲ್ಲದಕ್ಕೂ ಹ್ಞೂ ಅಂತಾರೆ, ಒಂದನ್ನೂ ಮಾಡಲ್ಲ. ನಿಮ್ಮ ದೊಡ್ಡ ಡಾಕ್ಟ್ರು ಮರೆವಿನ ಕಾಯಿಲೆ ಅಂದು ಮಾತ್ರೆ ಕೊಟ್ಟಿದ್ದಾರೆ. ಕಿವಿನೂ ಒಂದ್ಸಲ ನೋಡಿಸಿಬಿಡಿ ಅಂದ್ರು, ಅದಕ್ಕೆ ಬಂದ್ವಿ.”

ಇಷ್ಟು ಹೇಳಿ, ಅವರನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಕಷ್ಟವಾಗಿದೆ ಎನ್ನುವುದನ್ನೂ ಹೇಳಿದರು. ಕೆಲವು ವಾರಗಳ ಹಿಂದೆ ಈ ಮಗನ ಪುಟ್ಟ ಮಗಳಿಗೆ ಜ್ವರ ಇತ್ತಂತೆ. ಪರೀಕ್ಷೆ ಇದ್ದದ್ದರಿಂದ ಶಾಲೆಗೆ ಹೋಗಿದ್ದಳು. ಮಧ್ಯಾಹ್ನಕ್ಕೇ ಮನೆಗೆ ಬರುವವಳಿದ್ದಳು. ಸೊಸೆ ತೋಟದ ಕೆಲಸಕ್ಕೆ ಹೋಗಬೇಕಿತ್ತು. ಹೋಗುವ ಮುಂಚೆ, ಮಗು ಬೇಗ ಬರುತ್ತೆ, ಮನೆಯಲ್ಲೇ ಇರಿ ಎಂದು ಮಾವನಿಗೆ ಹೇಳಿದ್ದಳು. ಮಾವ ಹ್ಞೂ ಅಂದಿದ್ದರು. ಅವಳು ಹೋದ ಮೇಲೆ ಮನೆಗೆ ಬೀಗ ಹಾಕಿಕೊಂಡು ಗಿರಣಿಯ ಕಡೆ ಹರಟೆಗೆ ಹೋಗಿಬಿಟ್ಟರು. ಮಗು ಸಂಜೆವರೆಗೂ ಬಿಸಿಲಲ್ಲಿ ಜಗಲಿ ಮೇಲೆ ಮಲಗಿತ್ತು. ಆಮೇಲೆ ಅದನ್ನು ಹಾಸನದ ಆಸ್ಪತ್ರೆಗೆ ಸೇರಿಸಬೇಕಾಯಿತು.

“ಮಗು ಉಳೀತು. ಆದ್ರೆ ಇನ್ನೊಂದ್ಸಲ ಹಿಂಗಾದ್ರೆ? ಬೇಲೂರಿನ ಹತ್ರ ಒಂದು ವೃದ್ಧಾಶ್ರಮ ಇದೆ. ಸೇರಿಸಿಬಿಡೋಣ ಅಂತ ಇದ್ದೀವಿ,” ಎಂದರು ಮಗ. ಯಜಮಾನರು ಕಿಟಕಿಯ ಕಂಬಳಿ ನೋಡುತ್ತಾ ಕೂತಿದ್ದರು.

ಕಿವಿಯೊಳಗೆ ಗಟ್ಟಿಯಾಗಿದ್ದ ಗುಗ್ಗೆ ತೆಗೆದು, ಹೆಡ್‌ಫೋನ್ ಹಾಕಿ, ಕಿವಿ ಅಳೆಯುವ ಯಂತ್ರ ಆಡಿಯೋಮೀಟರ್ ಶುರುಮಾಡಿದೆ. ಸದ್ದು ಕೇಳಿದ ಕೂಡಲೇ ಬೆರಳೆತ್ತಬೇಕು, ಅಷ್ಟೇ ಕೆಲಸ. ಗುಡುಗಿನಂಥ ತಗ್ಗಿನ ಶ್ರುತಿಯ ದನಿಗಳಿಗೆಲ್ಲ ಅವರ ಬೆರಳು ತಟ್ಟನೆ ಎದ್ದಿತು. ಶ್ರುತಿ ಏರಿ ದನಿ ತೆಳ್ಳಗಾಗುತ್ತಾ ಹೋದಂತೆ ಬೆರಳು ತಡವಾಯಿತು, ಕೊನೆಗೆ ಏಳಲೇ ಇಲ್ಲ. ಕಾಗದದ ಮೇಲೆ ಗೆರೆ ಕೆರೆಯ ಮೆಟ್ಟಿಲಿನ ಹಾಗೆ ಇಳಿದುಹೋಯಿತು. ವರ್ಷಗಟ್ಟಲೆ ಯಂತ್ರದ ಪಕ್ಕ ನಿಂತವರ ಕಿವಿ ಹೀಗೇ ಸವೆಯುತ್ತದೆ. ಇಂಥವರಿಗೆ ಮಾತಿನ ಸದ್ದು ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಸ್ವರಗಳು ಉಳಿದು ಸ, ಶ, ತ, ಕ ಎಲ್ಲ ಉದುರಿಹೋಗಿರುತ್ತವೆ. ಹಲ್ಲಿಲ್ಲದವರು ಓದಿದ ಪತ್ರಿಕೆಯ ಹಾಗೆ.

“ಯಜಮಾನ್ರೇ, ಏನು ತೊಂದ್ರೆ ನಿಮಗೆ?” ಎಂದು ಎದುರಿಗೆ ಕೂತು ಕೇಳಿದೆ.

“ಕೇಳ್ಸೋದೇನೋ ಕೇಳ್ಸುತ್ತೆ ಕಣಮ್ಮ. ಏನಂದ್ರು ಅಂತ ಗೊತ್ತಾಗಕ್ಕಿಲ್ಲ. ಎಷ್ಟು ಸಲ ಆಂ, ಆಂ ಅನ್ನಾನ? ಅದಕ್ಕೇ ಹ್ಞೂ ಅಂದ್ಬುಡ್ತೀನಿ.”

ಮುಂದಿನ ಹೆಜ್ಜೆ ಮಾತಿನ ಪರೀಕ್ಷೆ. ನಾವು ಒಂದೊಂದೇ ಪದ ಹೇಳುತ್ತೇವೆ, ಅವರು ತಿರುಗಿ ಹೇಳಬೇಕು. ತುಟಿ ನೋಡಿ ಊಹಿಸದಿರಲಿ ಎಂದು ಬಾಯಿಗೆ ಒಂದು ರಟ್ಟು ಅಡ್ಡ ಹಿಡಿಯುವುದು ಪದ್ಧತಿ. ಮೊದಲ ಪದಗಳನ್ನು ರಟ್ಟು ಹುಡುಕಿಕೊಳ್ಳುವ ಮುಂಚೆಯೇ ಹೇಳಿಬಿಟ್ಟೆ. ಒಂದನ್ನೂ ಬಿಡದೆ ಹೇಳಿದರು. ರಟ್ಟು ಅಡ್ಡ ಬಂದ ಕೂಡಲೇ ಅದೇ ಮನುಷ್ಯ ತಡವರಿಸತೊಡಗಿದರು. ಹಣೆಯಲ್ಲಿ ಬೆವರು. ಕಷ್ಟಪಟ್ಟು ಕೆಲವನ್ನು ಹೇಳಿದರು. ಸರಿಯಾಗಿ ಹೇಳಿದ ಪದಗಳನ್ನೇ ಕೊನೆಯಲ್ಲಿ ನೆನಪಿಸಿಕೊಳ್ಳಿ ಎಂದೆ. ಒಂದೂ ಬರಲಿಲ್ಲ. ರಟ್ಟು ಕೆಳಗಿಟ್ಟು ಬೇರೆ ಪದಗಳನ್ನು ಹೇಳಿ ಅದೇ ಪ್ರಶ್ನೆ ಕೇಳಿದೆ. ಬಹುಪಾಲು ಎಲ್ಲವನ್ನೂ ಹೇಳಿದರು.

ಪುಸ್ತಕದಲ್ಲಿ ಓದಿದ್ದು ಕಣ್ಣೆದುರಿಗೆ ಕೂತಿತ್ತು. ಪದವನ್ನು ಬಿಡಿಸಿಕೊಳ್ಳುವುದಕ್ಕೇ ತಲೆಯ ಶಕ್ತಿಯೆಲ್ಲ ಖರ್ಚಾದರೆ ಅದನ್ನು ಎತ್ತಿಡುವುದಕ್ಕೆ ಏನೂ ಉಳಿಯುವುದಿಲ್ಲ. ಹೊರಗಿನಿಂದ ನೋಡುವವರಿಗೆ ಅದು ಮರೆವಿನ ಹಾಗೇ ಕಾಣುತ್ತದೆ.

“ತುಟಿ ನೋಡೋದು ಎಲ್ಲಿ ಕಲಿತ್ರಿ?” ಎಂದೆ.

“ಅದೇನಮ್ಮ ಕಲಿಯಾದು? ಮೆಷಿನ್ ಓಡ್ತಿದ್ರೆ ಯಾರ ಮಾತು ಕೇಳ್ಸೀತು? ಮಿಲ್ಲಲ್ಲಿ ಎಲ್ಲಾ ಮೊಕ ನೋಡ್ಕಂಡೇ ಮಾತಾಡ್ತಿದ್ದು.”

ಕೊನೆಗೆ ಒಂದು ಸಣ್ಣ ಕಥೆ ಹೇಳಿದೆ. ಮುಂದಿನ ಭೇಟಿಯಲ್ಲಿ ಎಷ್ಟು ಉಳಿದಿದೆ ನೋಡಲು ನಾನೇ ಕಟ್ಟಿಕೊಂಡಿದ್ದ ಕಥೆ. ಒಬ್ಬ ಹೆಂಗಸು ಹಸಿರು ಕೊಡೆ ಹಿಡಿದು ತವರಿಗೆ ಹೊರಟಳು, ಬಸ್ಸಿನಲ್ಲಿ ಸಿಕ್ಕ ಗೆಳತಿಗೆ ಕಡಲೆಕಾಯಿ ಕೊಟ್ಟಳು, ಜಾವಗಲ್‌ನಲ್ಲಿ ಇಳಿದಳು, ಕೊಡೆಯನ್ನು ಬಸ್ಸಿನಲ್ಲೇ ಬಿಟ್ಟಳು. ಯಜಮಾನರು ನನ್ನ ಮುಖದಿಂದ ಕಣ್ಣು ತೆಗೆಯದೆ ಕೇಳಿದರು.

ಅದೇ ಮಧ್ಯಾಹ್ನ ದೊಡ್ಡ ಡಾಕ್ಟರ ಹತ್ತಿರ ಹೋದೆ. ಕೆಟ್ಟವರಲ್ಲ, ಹೊರಗೆ ಇಡೀ ತಾಲ್ಲೂಕು ಸಾಲು ನಿಂತಿರುವಾಗ ಯಾರಿಗೆ ತಾಳ್ಮೆ ಉಳಿದೀತು! ನೆನಪನ್ನು ಹೇಗೆ ಪರೀಕ್ಷಿಸಿದಿರಿ ಸಾರ್ ಎಂದು ಕೇಳಿದೆ. ಚೀಟಿ ಬರೆಯುತ್ತಲೇ, ತಲೆ ಎತ್ತದೆ ಹೇಳಿದರು: “ಮೂರು ಪದ ಹೇಳ್ತೀನಿ, ಸ್ವಲ್ಪ ಹೊತ್ತು ಬಿಟ್ಟು ಕೇಳ್ತೀನಿ. ಅವರು ಒಂದೂ ಹೇಳ್ಲಿಲ್ಲ.” ಆ ಪದಗಳನ್ನು ಹೇಳುವಾಗಲೂ ಅವರ ತಲೆ ಹೀಗೇ ಬಗ್ಗಿತ್ತು ಎನ್ನುವುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

“ಅವರಿಗೆ ಪದಾನೇ ಮುಟ್ಟಿಲ್ಲ ಸಾರ್.”

“ಕಿವಿಗೆ ಮೆಷಿನ್ ಹಾಕಿದ್ರೆ ಬುದ್ಧಿ ಬಂದುಬಿಡುತ್ತೇನಮ್ಮಾ?” ಎಂದು ನಕ್ಕರು. ಹೊರಗೆ ಕಾಂಪೌಂಡರು ಕೂಡ ನಕ್ಕ. ಮಾತ್ರೆ ನಿಲ್ಲಿಸಲಿಲ್ಲ. ನನಗೆ ಎಷ್ಟು ಸಿಟ್ಟು ಬಂದಿತೆಂದರೆ, ಆ ದಿನ ವಾಪಸು ಬಸ್ಸಿನಲ್ಲಿ ಪಕ್ಕದವಳು ಎಲ್ಲಿಗೆ ಎಂದು ಕೇಳಿದ್ದಕ್ಕೂ ಉತ್ತರ ಕೊಡಲಿಲ್ಲ.

ಮಗನಿಗೆ, ಆಶ್ರಮದ ಮಾತು ಸದ್ಯಕ್ಕೆ ಬಿಡಿ, ನನಗೆ ಸ್ವಲ್ಪ ಕಾಲ ಕೊಡಿ ಎಂದು ಹೇಳಿಕಳಿಸಿದ್ದೆ. ಒಪ್ಪಿದ್ದರು. ಆದರೆ ಅಷ್ಟರಲ್ಲಿ ಹಗರೆಯಲ್ಲಿ ಯಾವುದೋ ಸೇವಾ ಸಂಸ್ಥೆಯವರು ಶಿಬಿರ ಮಾಡಿ, ಬಂದ ಮುದುಕರಿಗೆಲ್ಲ ಜೇಬಿನಲ್ಲಿಟ್ಟುಕೊಳ್ಳುವ ಒಂದೇ ಬಗೆಯ ಕಿವಿ ಮೆಷಿನ್ ಹಂಚಿ, ಹಾರ ಹಾಕಿಸಿಕೊಂಡು ಫೋಟೋ ತೆಗೆಸಿಕೊಂಡು ಹೋಗಿದ್ದರು. ಪುಗಸಟ್ಟೆ ಸಿಕ್ಕಿದ್ದಲ್ಲವೇ ಎಂದು ಮಗ ಅದನ್ನೇ ಅಪ್ಪನ ಜೇಬಿಗೆ ಹಾಕಿ, ತಿರುಗಿಸುವ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ್ದರು. ಕಿವಿಯೊಳಗೆ ಕೂರಿಸುವ ಬಿರಡೆ ಸರಿಯಾಗಿ ಹೊಂದದೆ ಮೆಷಿನ್ ಕುಯ್ಯೋ ಎಂದು ಕೂಗುತ್ತಿತ್ತು. ಅಂಗಿ ಉಜ್ಜಿದ ಸದ್ದು ತಲೆಯೊಳಗೆ ಗರಗಸ ಎಳೆದಂತೆ. ಮೊದಲೇ ಚೆನ್ನಾಗಿ ಕೇಳುತ್ತಿದ್ದ ತಗ್ಗಿನ ಸದ್ದುಗಳು ಇನ್ನೂ ಜೋರಾದವು. ಬೇಕಾದ ತೆಳ್ಳನೆಯ ದನಿಗಳು ಕೇಳದೆ ಹಾಗೇ ಉಳಿದವು. ಯಜಮಾನರು ಅದನ್ನು ಬಿಚ್ಚಿ ದೇವರ ಗೂಡಿನಲ್ಲಿಟ್ಟು ಕೈ ಮುಗಿದುಬಿಟ್ಟಿದ್ದರು.

ಮುಂದಿನ ಸಲ ಬಂದಾಗ ತೂಕಡಿಸುತ್ತಿದ್ದರು. ಮಾತ್ರೆಯ ಮಂಪರು. ಅವರ ಕಿವಿಯೊಳಗೆ ಹಿಟ್ಟಿನಂಥ ಅಚ್ಚಿನ ಪದಾರ್ಥ ತುಂಬಿ ಅಳತೆ ತೆಗೆದೆ. ಅದನ್ನು ಮೈಸೂರಿಗೆ ಕಳಿಸಿ ಸರಿಯಾದ ಬಿರಡೆ ಮಾಡಿಸಿದೆ. ತಗ್ಗಿನ ಸದ್ದನ್ನು ತಗ್ಗಿಸುವಂಥ ಮೆಷಿನ್ ಒಂದನ್ನು ಹೊಂದಿಸಿಕೊಟ್ಟೆ. ಜೇಬನ್ನು ಅಂಗಿಯ ಮೇಲೆ, ಬಟ್ಟೆ ಉಜ್ಜದ ಹಾಗೆ ಹೊಲಿಸಿ ಎಂದು ಹೇಳಿದೆ. ಇದಕ್ಕೆಲ್ಲ ಹಲವು ವಾರ ಹಿಡಿಯಿತು. ಹೊಸ ಬಿರಡೆ ಹಾಕಿದ ದಿನ ಕಾಗದ ಮಡಚಿದ ಸದ್ದಿಗೆ ಅವರು ತಿರುಗಿ ನೋಡಿದರು. “ಇದು ಇಷ್ಟು ಸದ್ದು ಮಾಡ್ತದಾ?” ಎಂದರು. ಆದರೂ ಮೆಷಿನ್ ಒಂದರಿಂದಲೇ ಪೂರ್ತಿ ಕೆಲಸವಾಗುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಸವೆದ ಕಿವಿಗೆ ಮೆಷಿನ್ ಊರುಗೋಲು. ಅವರ ನಿಜವಾದ ಕಿವಿ ಅವರ ಕಣ್ಣಿನಲ್ಲಿತ್ತು.

ಅಂದು ಹಟ ಹಿಡಿದು ದೊಡ್ಡ ಡಾಕ್ಟರನ್ನು ನನ್ನ ಕೋಣೆಗೇ ಕರೆತಂದೆ. ಯಜಮಾನರ ಎದುರಿಗೆ, ಬೆಳಕಿಗೆ ಮುಖ ಮಾಡಿ ಕೂರಿಸಿದೆ. ಗೂಡ್ಸ್ ಗಾಡಿ ದಾಟಲಿ ಎಂದು ಕಾದೆ. ಆಮೇಲೆ ಡಾಕ್ಟರು ತಮ್ಮ ಪದಗಳನ್ನು ತಾವೇ ಹೇಳಿದರು. ನಡುವೆ ಊರು, ಗಿರಣಿ ಎಂದು ನಾನು ಅದೂ ಇದೂ ಮಾತಾಡಿಸಿದೆ. ಕೇಳಿದಾಗ ಯಜಮಾನರು ಮೂರನ್ನೂ ಹೇಳಿದರು. ಹೇಳಿ ನನ್ನ ಕಡೆ ತಿರುಗಿ, “ಆ ಹೆಣ್ಮಗಳಿಗೆ ಕೊಡೆ ಸಿಕ್ತಾ?” ಎಂದರು. ಡಾಕ್ಟರಿಗೆ ಅರ್ಥವಾಗಲಿಲ್ಲ. ಯಜಮಾನರೇ ಅವರಿಗೆ ಕಥೆ ಹೇಳಿದರು: ಹಸಿರು ಕೊಡೆ, ಕಡಲೆಕಾಯಿ, ಜಾವಗಲ್, ಎಲ್ಲ.

ಡಾಕ್ಟರು, “ಮಾತ್ರೆ ನಿಲ್ಲಿಸಿ,” ಎಂದು ಮಗನಿಗೆ ಹೇಳಿ ಎದ್ದರು. ಅಂದು ಕ್ಯಾಂಟೀನಿನಲ್ಲಿ ನಾನು ಎರಡು ವಡೆ ಹೆಚ್ಚಿಗೆ ತಿಂದೆ. ಗೆದ್ದೆ ಅಂದುಕೊಂಡಿದ್ದೆ.

ಹೆಚ್ಚು ದಿನ ಆಗಿರಲಿಲ್ಲ, ಮಗನ ಫೋನು. “ಮೇಡಂ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮುಂದೆ ಮಾತ್ರ ಬುದ್ಧಿವಂತರು. ಮನೇಲಿ ಅದೇ ಹ್ಞೂ, ಅದೇ ಮರೆವು. ನನ್ನ ಹೆಂಡ್ತಿ ಹೇಳಿದ್ದು ಒಂದೂ ನೆನಪಿರಲ್ಲ. ಮಗೂನ ಅವರ ಮೇಲೆ ಬಿಟ್ಟು ಹೋಗೋಕೆ ಅವಳಿಗೆ ಧೈರ್ಯ ಇಲ್ಲ.”

ನಮ್ಮ ಕಸುಬಿನಲ್ಲಿ ರೋಗಿ ನಮ್ಮಲ್ಲಿಗೆ ಬರುತ್ತಾನೆ, ನಾವು ಅವನ ಮನೆಗೆ ಹೋಗುವುದಿಲ್ಲ. ಆ ವಾರ ನಾನು ಹಾಸನದಿಂದ ಹಗರೆಗೆ ಬಸ್ಸು ಹಿಡಿದು, ಅಲ್ಲಿಂದ ಮಾದಿಹಳ್ಳಿಗೆ ಹೋದೆ. ಕೋಣೆಯಲ್ಲಿ ಸರಿಯಾಗಿರುವ ಮನುಷ್ಯ ಮನೆಯಲ್ಲಿ ಹೇಗೆ ಕೆಡುತ್ತಾನೆ ನೋಡಲೇಬೇಕಿತ್ತು.

ಯಜಮಾನರು ನಡುಮನೆಯ ಬೆಂಚಿನ ಮೇಲೆ ಕೂತಿದ್ದರು, ಕಿವಿಯಲ್ಲಿ ಮೆಷಿನ್ ಇತ್ತು. ಮೊಮ್ಮಗಳು ಅವರ ಮಂಡಿ ಹಿಡಿದು ನಿಂತು ಶಾಲೆಯ ವಿಷಯ ಹೇಳುತ್ತಿದ್ದಳು. ಅವರು ಪ್ರಶ್ನೆ ಕೇಳುತ್ತಿದ್ದರು, ನಗುತ್ತಿದ್ದರು. ಸೊಸೆ ನನಗೆ ಕಾಫಿ ಕೊಟ್ಟು ಒಳಗೆ ಹೋದಳು. ಆಮೇಲೆ ಅಡುಗೆಮನೆಯ ಬಾಗಿಲ ಮರೆಯಿಂದ ಅವಳ ದನಿ ಬಂತು. ಪಿಸುಮಾತಿನಂಥ, ಮೃದುವಾದ ದನಿ.

“ಸಂಜೆ ಡೇರಿಗೆ ಹಾಲು ತಗೊಂಡೋಗೋರು ಬತ್ತಾರೆ, ಹಾಲಿನ ಕ್ಯಾನ್ ಜಗಲಿ ಮೇಲೆ ಇಟ್ಟಿರ್ತೀನಿ ಮಾವ, ಕೊಟ್ಬಿಡಿ.”

ಮಾವ ಗೋಡೆ ನೋಡಿಕೊಂಡೇ, “ಹ್ಞೂ,” ಎಂದರು.

ನಾನು ಎದ್ದು ಬಾಗಿಲ ಹತ್ತಿರ ಹೋದೆ. ಅವಳು ಬಾಗಿಲುವಾಡದ ಹಿಂದೆ, ಮಾವನ ಕಡೆಗೆ ಬೆನ್ನು ಓರೆ ಮಾಡಿಕೊಂಡು ನಿಂತಿದ್ದಳು. ಸೆರಗಿನ ತುದಿ ಬಾಯಿಗೆ ಅಡ್ಡ ಬಂದಿತ್ತು. ನಾನು ಅರಸೀಕೆರೆಯಲ್ಲಿ ರಟ್ಟು ಹಿಡಿಯುತ್ತಿದ್ದದ್ದು ಸರಿಯಾಗಿ ಅಲ್ಲಿಗೇ.

“ಯಾವಾಗ್ಲೂ ಇಲ್ಲಿಂದಾನೇ ಮಾತಾಡೋದಾ?”

“ಮತ್ತೆ ಮಾವನೋರ ಮುಂದೆ ನಿಂತ್ಕಂಡು ಮಾತಾಡಕ್ಕಾಯ್ತದಾ ಅಕ್ಕಾ?” ಎಂದಳು. ನಾನು ಏನೋ ಕೇಳಬಾರದ್ದನ್ನು ಕೇಳಿದೆ ಎನ್ನುವ ಹಾಗೆ ನೋಡಿದಳು. ಮದುವೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಅವಳು ಮಾವನ ಪ್ರಶ್ನೆಗೆ ತಲೆ ಎತ್ತಿ ಉತ್ತರ ಕೊಟ್ಟಿದ್ದಳಂತೆ. ನೆಂಟರು ಕೂತಿದ್ದರು. ಯಜಮಾನರು ಊಟದೆಲೆ ಬಿಟ್ಟು ಎದ್ದುಹೋಗಿದ್ದರು. ಎಷ್ಟೋ ತಿಂಗಳು ಅವಳ ಕೈಯಿಂದ ನೀರು ಕೂಡ ಇಸಿದುಕೊಂಡಿರಲಿಲ್ಲ. ಈಗ ತೀರಿಕೊಂಡಿರುವ ಅತ್ತೆ, ಮರೆಯಲ್ಲಿ ನಿಂತು ಮಾತಾಡುವುದನ್ನು ಕಲಿಸಿಕೊಟ್ಟಿದ್ದರು. ಅಂದಿನಿಂದ ಆ ಮನೆಯಲ್ಲಿ ಮಾವನಿಗೆ ಅವಳ ಮುಖ ಕಂಡಿರಲಿಲ್ಲ. ಅತ್ತೆ ಇರುವಷ್ಟು ದಿನ ಮಾತು ಅತ್ತೆಯ ಬಾಯಿಂದ ದಾಟುತ್ತಿತ್ತು. ಮಗು ಮನೆಯಲ್ಲಿದ್ದರೆ ಮಗುವಿನ ಬಾಯಿಂದ. ಯಾರೂ ಇಲ್ಲದಾಗ ಬಾಗಿಲ ಮರೆಯಿಂದ. ಜ್ವರದ ದಿನದ ಮಾತೂ ಅಲ್ಲಿಂದಲೇ ಹೋಗಿತ್ತು.

ಗೌರವ ಕೊಟ್ಟೇ ಆ ಮನೆಯವರು ಆ ಮುದುಕನನ್ನು ಮರುಳನನ್ನಾಗಿ ಮಾಡಿದ್ದರು. ಆ ಗೌರವವನ್ನು ಕೇಳಿ ಪಡೆದವರು ಯಜಮಾನರೇ.

ಸಂಜೆ ಮಗ ಬರುವವರೆಗೂ ಕಾದೆ. ಗಂಡ ಹೆಂಡತಿಯನ್ನು ಕೂರಿಸಿಕೊಂಡು ವಿವರಿಸಿದೆ. ಕೂಗುವುದು ಬೇಡ, ಎದುರಿಗೆ ನಿಂತು ಮುಖ ಕಾಣುವ ಹಾಗೆ ನಿಧಾನ ಹೇಳಿ, ಅಷ್ಟೇ ಔಷಧಿ ಎಂದೆ. ಮಗ ತಲೆ ಕೆರೆದುಕೊಂಡರು. ಸೊಸೆ ಮಗಳ ಕಡೆ ನೋಡಿದಳು. ಆಮೇಲೆ, “ನನ್ ಮಗೀಗೋಸ್ಕರ ನಿಂತ್ಕತೀನಿ,” ಎಂದು ಎದ್ದಳು.

ಸೆರಗನ್ನು ಭುಜಕ್ಕೆ ಸಿಕ್ಕಿಸಿ ಬೆಂಚಿನ ಎದುರಿಗೆ ಹೋಗಿ ನಿಂತಳು. “ಮಾವ, ಊಟಕ್ಕೆ ಏನ್ ಮಾಡ್ಲಿ?” ಎಂದಳು. ಅಷ್ಟು ವರ್ಷಗಳಲ್ಲಿ ಅವಳು ನೇರವಾಗಿ ಕೇಳಿದ ಮೊದಲ ಪ್ರಶ್ನೆ ಅದು.

ಯಜಮಾನರು ಅವಳ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕಣ್ಣು ಮುಚ್ಚಿಕೊಂಡರು.

ನಾನು ಅವರ ತೋಳು ಮುಟ್ಟಿ, ಕಣ್ಣು ಬಿಡಿಸಿ, ಎದುರು ಕೂತು ಹೇಳಿದೆ: “ಯಜಮಾನ್ರೇ, ಅವಳ ಮುಖ ನೋಡದಿದ್ರೆ ನಿಮಗೆ ಮಾತು ಸಿಗಲ್ಲ. ಮಾತು ಸಿಗದಿದ್ರೆ ನಿಮಗೆ ತಲೆ ಕೆಟ್ಟಿದೆ ಅಂತಾರೆ. ಈ ಮನೆ ಬಿಡಬೇಕಾಗುತ್ತೆ.”

“ಅಂದ್ಕಳ್ಳಿ ಬುಡಮ್ಮ,” ಎಂದರು. “ಸೊಸೆ ಮೊಕ ಕೊಟ್ಟು ಮಾತಾಡಾಂಗಾಯ್ತಲ್ಲ ಅಂತ ಊರೋರು ಅನ್ನೋದಕ್ಕಿಂತ, ಮುದುಕಂಗೆ ಮರುಳು ಅನ್ಲಿ.”

ಸೊಸೆ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆ ಜೋರಾಗಿ ಸದ್ದಾಯಿತು. ನನಗೆ ಆ ಮುದುಕನ ಮೇಲೆ ಬಂದ ಸಿಟ್ಟು ದೊಡ್ಡ ಡಾಕ್ಟರ ಮೇಲೂ ಬಂದಿರಲಿಲ್ಲ. ಅವರ ಪರವಾಗಿ ಊರೆಲ್ಲ ಜಗಳ ಕಾದು ಬಂದರೆ, ಅವರೇ ಎದುರು ಪಕ್ಷದಲ್ಲಿ ಕೂತಿದ್ದರು. ನಮ್ಮ ಯಂತ್ರದಲ್ಲಿ ತಗ್ಗಿಸುವುದಕ್ಕೆ ಏರಿಸುವುದಕ್ಕೆ ಗುಂಡಿಗಳಿವೆ. ಇದಕ್ಕೆ ಯಾವ ಗುಂಡಿಯೂ ಇರಲಿಲ್ಲ. ಆ ತಿಂಗಳೇ ಅವರನ್ನು ಬೇಲೂರಿನ ಹತ್ತಿರದ ಆಶ್ರಮಕ್ಕೆ ಸೇರಿಸಿದರು.

ಕೆಲವು ತಿಂಗಳ ನಂತರ, ಅಲ್ಲಿಯ ಹಲವರ ಕಿವಿ ನೋಡಬೇಕೆಂದು ಆಶ್ರಮದವರು ನನ್ನನ್ನು ಕರೆದರು. ಅಂದು ಮನೆಯವರು ಬಂದು ನೋಡುವ ದಿನ. ಯಜಮಾನರು ಅಡುಗೆಯವಳ ಎದುರು ಕೂತು ಹುರುಳಿಕಾಯಿ ಬಿಡಿಸುತ್ತಿದ್ದರು. ಅವಳು ಗಂಡನನ್ನು ಬೈಯುತ್ತಿದ್ದಳು, ಇವರು ನಗುತ್ತಿದ್ದರು. ಯಾರಿಗೆ ಯಾವ ಮಾತ್ರೆ, ಯಾರ ಮಗಳು ಯಾವಾಗ ಬರುತ್ತಾಳೆ ಎನ್ನುವುದನ್ನು ಇವರನ್ನೇ ಕೇಳುತ್ತೇವೆ ಎಂದು ಅಲ್ಲಿಯ ನರ್ಸ್ ಹೇಳಿದಳು. ಮರೆವಿನ ಕಾಯಿಲೆಯ ಮನುಷ್ಯ!

“ಇಲ್ಲಿ ಎಲ್ಲಾರ ಮಾತೂ ತಿಳೀತದೆ ಕಣಮ್ಮ,” ಎಂದರು ನನ್ನನ್ನು ಕಂಡು. “ಇಲ್ಲಿ ಯಾರೂ ನನ್ ಸೊಸೆ ಅಲ್ವಲ್ಲ.”

ಅಷ್ಟರಲ್ಲಿ ಸೊಸೆ ಬಂದಳು. ಕೈಯಲ್ಲಿ ಊಟದ ಕ್ಯಾರಿಯರ್. ಅದನ್ನು ನನ್ನ ಕೈಗೆ ಕೊಟ್ಟು, ಬಾಗಿಲ ಆಚೆ ಕಂಬದ ಮರೆಗೆ ನಿಂತಳು. ಸೆರಗು ಬಾಯಿಗೆ ಬಂತು.

“ಮಾವ, ಮಗು ದಿನಾ ನಿಮ್ಮನ್ನೇ ಕೇಳ್ತದೆ. ನಂಗೂ ಮನೆ ಬಿಕೋ ಅಂತದೆ. ನಡೀರಿ, ಮನೆಗೋಗಾನ.”

ಯಜಮಾನರು ಗೋಡೆಯ ಕಡೆ ನೋಡುತ್ತಾ, ಹೊರಡುವವರಿಗೆ ಹೇಳುವ ಹಾಗೆ ಕೈ ಎತ್ತಿದರು. “ಹ್ಞೂ, ಆಯ್ತು, ಹೋಗ್ಬಾ,” ಎಂದರು.

ಅವಳು ತಿರುಗಿ ಹೊರಟಳು. ನಾನು ಗೇಟಿನವರೆಗೆ ಓಡಿದೆ. “ಅವರಿಗೆ ಮುಟ್ಟಿಲ್ಲ ಕಣಮ್ಮಾ. ಬಾ, ಎದುರಿಗೆ ನಿಂತು ಒಂದ್ಸಲ ಹೇಳು.”

“ಒಂದ್ಸಲ ನಿಂತಿದ್ನಲ್ಲ ಅಕ್ಕಾ. ಕಣ್ ಮುಚ್ಕಂಡ್ರು. ಇನ್ನೊಂದ್ಸಲ ನನ್ ಕೈಲಾಗಲ್ಲ,” ಎಂದಳು. ಅವಳ ಕಣ್ಣು ತುಂಬಿತ್ತು. ರಸ್ತೆಯಲ್ಲಿ ಬಸ್ಸು ನಿಂತಿತ್ತು, ಹತ್ತಿದಳು.

ನಾನು ಒಳಗೆ ಬಂದು ಯಜಮಾನರ ಎದುರಿಗೆ ಕೂತೆ. ಬೆಳಕಿಗೆ ಮುಖ ಮಾಡಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದೆ: “ನಿಮ್ಮ ಸೊಸೆ ನಿಮ್ಮನ್ನ ಮನೆಗೆ ಕರೆಯೋಕೆ ಬಂದಿದ್ದಳು.”

ಅವರ ಕೈಯಲ್ಲಿದ್ದ ಹುರುಳಿಕಾಯಿ ಹಾಗೇ ನಿಂತಿತು. ಬಹಳ ಹೊತ್ತು ನನ್ನ ತುಟಿಯನ್ನೇ ನೋಡಿದರು, ಇನ್ನೇನಾದರೂ ಬರಬಹುದು ಎನ್ನುವ ಹಾಗೆ.

“ಮುಂದಕ್ಕೆ ಬಂದು ಹೇಳ್ಬೋದಾಗಿತ್ತಲ್ಲ,” ಎಂದರು.

ಹೊರಗೆ ಬಸ್ಸು ಗುಡುಗುಡು ಎಂದು ಹೊರಟಿತು. ತಗ್ಗಿನ ಸದ್ದು, ಅದು ಅವರಿಗೆ ಮೆಷಿನ್ ಇಲ್ಲದೆಯೂ ಚೆನ್ನಾಗಿ ಕೇಳಿಸುತ್ತಿತ್ತು. ತಲೆ ಎತ್ತಿ, ಅದು ಕ್ಷೀಣವಾಗುವವರೆಗೂ ಆಲಿಸಿದರು.

“ಹೋದ್ಲು,” ಎಂದರು.